ಹಳಿಯಿಂದ ಊರಿಗೆ ಎಷ್ಟು ದೂರ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ರೈಲಿನಲ್ಲಿ ಹೋಗುವಾಗ ಅಜ್ಜಂಪುರ ದಾಟಿದ ಮೇಲೆ ಒಂದು ನಿಲ್ದಾಣ ಬರುತ್ತದೆ. ಅದರ ಫಲಕದ ಮೇಲೆ ‘ಹೊಸದುರ್ಗ ರೋಡ್’ ಎಂದು ಬರೆದಿದೆ. ಈ ಕಡೆಯ ಪರಿಚಯವಿಲ್ಲದವರು ಹೊಸದುರ್ಗ ಬಂದೇಬಿಟ್ಟಿತು ಎಂದು ಚೀಲ ಎತ್ತಿಕೊಂಡಾರು. ಆದರೆ ಹೊಸದುರ್ಗ ಪೇಟೆ ಅಲ್ಲಿಂದ ಹತ್ತಾರು ಕಿಲೋಮೀಟರ್ ದೂರವಿದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ; ಕುಕ್ಕೆಗೆ ಹೋಗುವವರು ಅಲ್ಲಿಂದ ಬೇರೆ ಗಾಡಿ ಹಿಡಿಯಬೇಕು. ರಾಜಸ್ಥಾನದ ಅಬು ರೋಡ್‌ನಲ್ಲಿ ಇಳಿದವರು ಮೌಂಟ್ ಅಬು ನೋಡಲು ಬೆಟ್ಟ ಹತ್ತಬೇಕು. ರೈಲ್ವೆಯವರು ಊರಿನ ಹೆಸರಿನ ಮುಂದೆ ‘ರೋಡ್’ ಎಂದು ಸೇರಿಸಿದರೆ ಅದರ ಅರ್ಥ ಸರಳ: ಹಳಿ ಇಲ್ಲಿಯವರೆಗೆ, ಮುಂದಿನ ದಾರಿ ನಿಮ್ಮದು.

ಈ ಒಂದು ಪದ ನನ್ನನ್ನು ಕಳೆದ ಎರಡು ವರ್ಷಗಳಿಂದ ಕಾಡುತ್ತಿದೆ. ನಾನು ಪಿಎಚ್.ಡಿ.ಗಾಗಿ ಮಧ್ಯ ಕರ್ನಾಟಕದ ಸಾರಿಗೆ ಮತ್ತು ಪೇಟೆ ಊರುಗಳ ಇತಿಹಾಸದ ಮೇಲೆ ಕೆಲಸ ಮಾಡುತ್ತಿದ್ದೇನೆ. ಅದರ ಜೊತೆಗೆ ಚಿತ್ರದುರ್ಗದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರು, ಚಿತ್ರದುರ್ಗ ಈ ನಾಲ್ಕು ನಿಲ್ದಾಣಗಳಿರುವ ರೈಲುಮಾರ್ಗದ ಪುಟ್ಟ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಪ್ಲೈವುಡ್ ಹಲಗೆ, ಥರ್ಮೊಕೋಲ್, ರಟ್ಟು, ಫೆವಿಕಾಲ್, ಜರಡಿ ಹಿಡಿದ ಕೆಂಪುಮಣ್ಣು ಇದರ ಬಂಡವಾಳ. ಮನೆಗೆ ಬಂದವರು ಇದನ್ನು ಹವ್ಯಾಸ ಎನ್ನುತ್ತಾರೆ. ನನಗೆ ಇದು ಇತಿಹಾಸ ಓದುವ ಇನ್ನೊಂದು ಬಗೆಯಾಗಿ ಒದಗಿಬಂದಿದೆ. ಕಡತದಲ್ಲಿ ‘ಮಾರ್ಗವನ್ನು ತೆರೆಯಲಾಯಿತು’ ಎಂಬ ಒಂದು ವಾಕ್ಯ ಸಾಕು. ಮಾದರಿ ಕಟ್ಟುವವನಿಗೆ ಅದು ಸಾಲದು. ಎಂಜಿನ್ನಿಗೆ ನೀರು ಎಲ್ಲಿಂದ ಬರುತ್ತಿತ್ತು, ಮೂಟೆಗಳು ಯಾವ ಬದಿಯಿಂದ ಏರುತ್ತಿದ್ದವು, ನಿಲ್ದಾಣದ ಬಾಗಿಲು ಯಾವ ರಸ್ತೆಗೆ ತೆರೆದುಕೊಳ್ಳುತ್ತಿತ್ತು ಎಂದು ಹಲಗೆ ಪ್ರತಿದಿನ ಕೇಳುತ್ತದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆಗೆ ಎಚ್‌ಒ ಎಂದು ಹೆಸರು. ‘ಓ’ ಎಂಬ ಹಳೆಯ ಅಳತೆಯ ಅರ್ಧ ಎಂಬುದರಿಂದ ಬಂದ ಹೆಸರು ಅದು. ಇದರಲ್ಲಿ ನಿಜವಾದ ವಸ್ತು 87 ಪಾಲು ಚಿಕ್ಕದಾಗುತ್ತದೆ. ಬೋಗಿ ಒಂದು ಗೇಣು ಉದ್ದವಾಗುತ್ತದೆ, ಮನುಷ್ಯ ಎರಡು ಸೆಂಟಿಮೀಟರಿಗೂ ಕಡಿಮೆ. ನಮ್ಮ ಮಾರ್ಗ ಇದ್ದದ್ದು ಮೀಟರ್ ಗೇಜ್‌ನಲ್ಲಿ. ಒಂದು ಮೀಟರನ್ನು 87ರಿಂದ ಭಾಗಿಸಿದರೆ ಸುಮಾರು 11.5 ಮಿ.ಮೀ. ಬರುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಇಂದಿಗೂ ಮೀಟರ್ ಗೇಜ್ ರೈಲುಗಳು ಓಡುವುದರಿಂದ ಅವುಗಳ ಮಾದರಿಗಾಗಿ 12 ಮಿ.ಮೀ. ಅಗಲದ ಹಳಿಗಳನ್ನು ತಯಾರಿಸುತ್ತಾರೆ. ಬೆಲೆ ನೋಡಿ ನಾನು ಕೆಲವೇ ತುಂಡುಗಳನ್ನು ತರಿಸಿ, ಉಳಿದದ್ದಕ್ಕೆ ಬಿದಿರಿನ ಕಡ್ಡಿಯ ಸ್ಲೀಪರ್ ಜೋಡಿಸಿ ಕೈಯಲ್ಲೇ ಮಾಡಿಕೊಂಡೆ. ಭಾರತದ ಮೀಟರ್ ಗೇಜ್ ಎಂಜಿನ್ನಿನ ಸಿದ್ಧ ಮಾದರಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೂ ರಟ್ಟೇ ಗತಿ.

ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಸುಮಾರು 34 ಕಿಲೋಮೀಟರ್. ಇದನ್ನು 87ರಿಂದ ಭಾಗಿಸಿದರೂ 390 ಮೀಟರ್ ಉಳಿಯುತ್ತದೆ. ಅಂದರೆ ಪುಟ್ಟ ರೈಲಿಗೂ ನಮ್ಮ ಮನೆಯಿಂದ ಬೀದಿ ದಾಟಿ ಮುಂದಿನ ಬೀದಿಯವರೆಗೆ ಜಾಗ ಬೇಕು. ನನ್ನಲ್ಲಿರುವುದು ಎರಡು ಗೋಡೆಗಳ ಉದ್ದಕ್ಕೆ 20 ಅಡಿ ಹಲಗೆ. ನಿಜವಾದ ಅಳತೆಯಲ್ಲಿ ಅದು ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು; ಒಂದು ನಿಲ್ದಾಣದ ಅಂಗಳಕ್ಕೆ ಸಾಕು, ಅಷ್ಟೇ. ಹಾಗಾಗಿ ಮಾದರಿ ಕಟ್ಟುವವರೆಲ್ಲ ಮಾಡುವ ಕೆಲಸವನ್ನೇ ನಾನೂ ಮಾಡಬೇಕಾಯಿತು. ನಿಲ್ದಾಣಗಳನ್ನು ಉಳಿಸಿಕೊಂಡು ನಡುವಿನ ಬಯಲನ್ನು ಕತ್ತರಿಸುವುದು. ಹೊಳಲ್ಕೆರೆಗೂ ಚಿಕ್ಕಜಾಜೂರಿಗೂ ಈಗ ಎರಡು ಗೇಣು ಅಂತರ. ಕೋಟೆಯ ಬೆಟ್ಟವನ್ನು ಅಳತೆಗೆ ಸರಿಯಾಗಿ ಮಾಡಹೊರಟರೆ ಅದು ಆಳೆತ್ತರ ಮೀರುತ್ತದೆ, ಆದ್ದರಿಂದ ಅದು ಗೋಡೆಯ ಮೇಲೆ ಬಣ್ಣವಾಗಿ ಕೂತಿದೆ.

ಅಳತೆ ಆದ ಮೇಲೆ ಕಾಲ. ಮಾದರಿ ಮಾರ್ಗಕ್ಕೆ ಒಂದು ವರ್ಷವನ್ನು ನಿಗದಿ ಮಾಡಬೇಕು, ಇಲ್ಲವಾದರೆ ಉಗಿ ಎಂಜಿನ್ನಿನ ಪಕ್ಕದಲ್ಲಿ ಮೊಬೈಲ್ ಟವರ್ ನಿಲ್ಲುತ್ತದೆ. ನಾನು ಆರಿಸಿಕೊಂಡದ್ದು 1950ರ ದಶಕದ ನಡುಭಾಗ. ಮೈಸೂರು ಸಂಸ್ಥಾನದ ರೈಲ್ವೆ 1950ರಲ್ಲಿ ಭಾರತ ಸರ್ಕಾರದ ಕೈಸೇರಿ, 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಯ ಭಾಗವಾಗಿತ್ತು. ಮೂರನೇ ದರ್ಜೆಯ ಬೋಗಿಗಳು ಇನ್ನೂ ಇದ್ದವು. ಅವು ಹೋದದ್ದು 1974ರಲ್ಲಿ. ರಾಯದುರ್ಗದ ಕಡೆಗೆ ಹಳಿ ಇನ್ನೂ ಬಂದಿರಲಿಲ್ಲವಾದ್ದರಿಂದ ಚಿತ್ರದುರ್ಗವೇ ಕೊನೆಯ ನಿಲ್ದಾಣ. ದಾವಣಗೆರೆ, ಹರಿಹರ ಎರಡೂ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದು ಬೇಕಾಗುತ್ತದೆ.

ಇಷ್ಟಕ್ಕೂ ಹಳಿ ಇಲ್ಲಿಗೆ ಏಕೆ ಬಂತು? ಉತ್ತರಕ್ಕೆ 1876–78ರ ಬರದವರೆಗೆ ಹಿಂದಕ್ಕೆ ಹೋಗಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಇಳಿಯಿತು. ಆ ಹೊತ್ತಿಗೆ ಬೆಂಗಳೂರಿಗೆ ಮದ್ರಾಸಿನಿಂದ ರೈಲು ಇತ್ತು, 1864ರಿಂದಲೇ ಇತ್ತು. ಧಾನ್ಯ ರೈಲಿನಲ್ಲಿ ಬೆಂಗಳೂರಿನ ತನಕ ಬರುತ್ತಿತ್ತು. ಅಲ್ಲಿಂದ ಒಳನಾಡಿಗೆ ಅದನ್ನು ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ, ನೀರಿಲ್ಲದೆ ಸಾಯುತ್ತಿದ್ದವು. ಒಂದು ತುದಿಯಲ್ಲಿ ಧಾನ್ಯದ ರಾಶಿ, ಇನ್ನೊಂದು ತುದಿಯಲ್ಲಿ ಹಸಿದ ಜನ, ನಡುವೆ ಎತ್ತಿಲ್ಲದ ಗಾಡಿ. 1880ರ ಕ್ಷಾಮ ಆಯೋಗ ಬರಪೀಡಿತ ನಾಡುಗಳಿಗೆ ರೈಲು ಬೇಕೆಂದು ಹೇಳಿದ್ದರ ಹಿಂದೆ ಇಂಥ ಅನುಭವವಿತ್ತು.

1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್ ಇಬ್ಬರೂ ರೈಲಿಗೆ ಒತ್ತುಕೊಟ್ಟರು. 1884ರಲ್ಲಿ ತುಮಕೂರಿಗೆ ಹಳಿ ಮುಟ್ಟಿತು. ಸಂಸ್ಥಾನಕ್ಕೆ ಸಾಲದ ಭಾರ ಹೆಚ್ಚಾಗಿ, 1886ರಲ್ಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿಕೊಟ್ಟರು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ಹಳಿ ಕೂಡಿಕೊಂಡಿತು. ಖರ್ಚು ಕಡಿಮೆ ಎಂಬ ಕಾರಣಕ್ಕೆ ವೈಸ್‌ರಾಯ್ ಮೇಯೊ ಅವರ ಕಾಲದಲ್ಲಿ, 1870ರ ಸುಮಾರಿಗೆ ಒಪ್ಪಿಕೊಂಡಿದ್ದ ಮೀಟರ್ ಗೇಜನ್ನೇ ಇಲ್ಲಿಯೂ ಹಾಸಿದರು.

ಇಲ್ಲಿ ಒಮ್ಮೆ ನಕ್ಷೆ ತೆರೆದು ನೋಡಿ. ಬೆಂಗಳೂರಿನಿಂದ ಪುಣೆಯತ್ತ ಹೋಗುವ ಹಳೆಯ ರಸ್ತೆ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಎಂದು ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಇಂದಿನ ಹೆದ್ದಾರಿಯೂ ಅದೇ ಜಾಡಿನಲ್ಲಿದೆ. ರೈಲು ಮಾತ್ರ ತುಮಕೂರಿನಲ್ಲಿ ರಸ್ತೆಯ ಸಂಗ ಬಿಟ್ಟು ಪಶ್ಚಿಮಕ್ಕೆ ತಿರುಗಿತು. ತಿಪಟೂರು, ಅರಸೀಕೆರೆ, ಕಡೂರು, ಬೀರೂರು ಎಂದು ಮಲೆನಾಡಿನ ಅಂಚಿನ ಪೇಟೆಗಳನ್ನು ಪೋಣಿಸಿಕೊಂಡು, ಹೊಳಲ್ಕೆರೆ ಸೀಮೆಯ ಮೂಲಕ ಬಂದು ದಾವಣಗೆರೆಯಲ್ಲಿ ಮತ್ತೆ ರಸ್ತೆಯನ್ನು ಸೇರಿಕೊಂಡಿತು. ಶತಮಾನಗಳಿಂದ ದಾರಿಯ ಊರಾಗಿದ್ದ ಹಿರಿಯೂರು ಹಳಿಯಿಂದ ಪೂರ್ತಿ ಹೊರಗುಳಿಯಿತು. ಹೊಸದುರ್ಗಕ್ಕೆ ಹೆಸರು ಸಿಕ್ಕಿತು, ನಿಲ್ದಾಣ ಸಿಗಲಿಲ್ಲ. ಜಿಲ್ಲೆಯ ಕೇಂದ್ರವಾದ ಚಿತ್ರದುರ್ಗಕ್ಕೂ ಮುಖ್ಯಮಾರ್ಗ ಬರಲಿಲ್ಲ. ಚಿಕ್ಕಜಾಜೂರಿನಿಂದ ಕವಲೊಡೆದ ಮಾರ್ಗ ಇಲ್ಲಿಗೆ ಮುಟ್ಟಿದ್ದು 1920ರ ದಶಕದ ಆರಂಭದಲ್ಲಿ. ದಾವಣಗೆರೆ ಸ್ಟೇಷನ್ನು ಕಂಡ ಮೂರು ದಶಕಗಳ ನಂತರ ದುರ್ಗದ ಜನ ತಮ್ಮೂರಿನಲ್ಲಿ ರೈಲು ಹತ್ತಿದರು.

ಆ ಮೂರು ದಶಕಗಳಲ್ಲಿ ಏನಾಯಿತು ಎಂಬುದು ನನ್ನ ಪ್ರಬಂಧದ ಒಂದು ಅಧ್ಯಾಯ. ಇಲ್ಲಿ ಚುಟುಕಾಗಿ ಹೇಳುವುದಾದರೆ, ಜಿಲ್ಲೆಯ ವ್ಯಾಪಾರದ ತೂಕ ಹಳಿಯ ಮೇಲಿದ್ದ ಊರಿನ ಕಡೆಗೆ ವಾಲಿತು. ಹತ್ತಿಯ ಪೇಟೆಯಾಗಿ ಬೆಳೆದ ದಾವಣಗೆರೆಯಲ್ಲಿ 1930ರ ದಶಕದಿಂದ ಬಟ್ಟೆ ಗಿರಣಿಗಳು ಎದ್ದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಕಚೇರಿ, ಕೋರ್ಟು ದುರ್ಗದಲ್ಲಿ, ಗಿರಣಿ, ಮಂಡಿ ದಾವಣಗೆರೆಯಲ್ಲಿ ಎಂಬ ಹಂಚಿಕೆಗೆ ಹಳಿಯೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಹಳಿಯನ್ನು ಬಿಟ್ಟು ಅದನ್ನು ವಿವರಿಸಲೂ ಆಗುವುದಿಲ್ಲ. ಚಿತ್ರದುರ್ಗ ಎಂದೊಡನೆ ನಮ್ಮ ಓದು ಕೋಟೆಗೆ, ಮದಕರಿ ನಾಯಕನಿಗೆ, 1779ರಲ್ಲಿ ಹೈದರನ ಕೈಗೆ ಬಿದ್ದ ದುರ್ಗಕ್ಕೆ, ತರಾಸು ಅವರ ‘ದುರ್ಗಾಸ್ತಮಾನ’ಕ್ಕೆ ಹೋಗುತ್ತದೆ. ಅದು ಸಹಜವೇ. ಕೋಟೆಯಿಂದ ತುಸು ದೂರದಲ್ಲಿ ಕೊನೆಗೊಳ್ಳುತ್ತಿದ್ದ ಹಳಿಯ ಬಗ್ಗೆ ಯಾರಾದರೂ ಬರೆಯುವುದು ಬಾಕಿಯಿದೆ.

ಮಾದರಿಯಲ್ಲಿ ಚಿತ್ರದುರ್ಗದ ನಿಲ್ದಾಣವನ್ನು ಕಟ್ಟುವಾಗ ಕೊನೆಯ ನಿಲ್ದಾಣ ಎಂದರೇನು ಎಂಬುದು ಕೈಗೇ ಅರ್ಥವಾಗುತ್ತದೆ. ಬಂದ ಎಂಜಿನ್ ಬೋಗಿಗಳನ್ನು ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಕಟ್ಟಿಕೊಳ್ಳಬೇಕು. ಅದಕ್ಕೆ ಎರಡು ಕಡೆ ಪಾಯಿಂಟ್ಸ್, ಎಂಜಿನ್ ನಿಲ್ಲುವಷ್ಟು ತುದಿ ಹಳಿ, ನೀರಿನ ಕಂಬ, ಬೂದಿ ತೆಗೆಯುವ ಗುಂಡಿ ಎಲ್ಲ ಬೇಕು. ಒಂದೇ ಹಳಿಯ ಮಾರ್ಗವಾದ್ದರಿಂದ ಎದುರುಬದುರಾದ ಎರಡು ರೈಲುಗಳು ನಿಲ್ದಾಣದಲ್ಲೇ ದಾಟಿಕೊಳ್ಳಬೇಕು. ಮುಂದಿನ ನಿಲ್ದಾಣದವರೆಗೆ ಹಳಿ ಖಾಲಿ ಇದೆ ಎಂಬುದಕ್ಕೆ ಗುರುತಾಗಿ ಡ್ರೈವರಿನ ಕೈಗೆ ಟೋಕನ್ ಬರಬೇಕು. ಬೆತ್ತದ ಬಳೆಗೆ ಕಟ್ಟಿದ ಆ ಟೋಕನ್ ಇಲ್ಲದೆ ಅವನು ಹೊರಡುವಂತಿಲ್ಲ. ಹೀಗಾಗಿ ಮಾರ್ಗದ ಮೇಲೆ ರೈಲು ಓಡುವ ಹೊತ್ತಿನಷ್ಟೇ ಮುಖ್ಯವಾದದ್ದು ಅದು ಕಾಯುವ ಹೊತ್ತು. ಚಿಕ್ಕಜಾಜೂರಿನಂಥ ಹಳ್ಳಿ ಜಂಕ್ಷನ್ ಆಗಿ ಬೆಳೆದದ್ದು ಇಂಥ ಕಾಯುವಿಕೆಯ ಸುತ್ತಲೇ. ಕವಲಿನ ರೈಲು ಮುಖ್ಯಮಾರ್ಗದ ರೈಲಿಗಾಗಿ ಕಾದು ನಿಲ್ಲುವಲ್ಲಿ ಚಹಾ, ಊಟ, ಹಮಾಲಿ, ಕ್ವಾರ್ಟರ್ಸು ಎಲ್ಲವೂ ಹುಟ್ಟಿಕೊಳ್ಳುತ್ತವೆ.

ಮಾದರಿ ರೈಲನ್ನು ಇತಿಹಾಸದ ಕೆಲಸವಾಗಿ ಕಂಡವರು ಬೇರೆಡೆ ಇದ್ದಾರೆ. 1925ರಲ್ಲಿ ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣ ಅಲ್ಲಿನ ಹುಲ್ಲುಮಾಡಿನ ಹಳ್ಳಿಮನೆಗಳು ಕಣ್ಣೆದುರೇ ಮರೆಯಾಗುತ್ತಿರುವುದನ್ನು ನೋಡಿದ. ಅವುಗಳನ್ನು ಅಳೆದು, ಬರೆದಿಟ್ಟು, ರಟ್ಟಿನಲ್ಲಿ ಕಟ್ಟತೊಡಗಿದ. ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಮ್ಯೂಸಿಯಂ 1954ರಲ್ಲಿ ಅವನಿಂದಲೇ ಶುರುವಾಯಿತು. 1920–30ರ ದಶಕಗಳ ಒಂದು ಕಣಿವೆ ಅಲ್ಲಿ ರೈಲು, ಹೊಲ, ಅಡುಗೆಮನೆ ಹಿತ್ತಿಲು ಸಮೇತ ಉಳಿದಿದೆ. ನಮಗೆ ಹತ್ತಿರದ ಪುಣೆಯಲ್ಲಿ 1998ರಿಂದ ಜೋಶಿ ಅವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ಮೈಸೂರಿನ ರೈಲು ಸಂಗ್ರಹಾಲಯ 1979ರಿಂದ ನಿಜವಾದ ಎಂಜಿನ್ನುಗಳನ್ನೂ ಮಹಾರಾಣಿಯವರ ಸಲೂನ್ ಬೋಗಿಯನ್ನೂ ಕಾಪಾಡಿಕೊಂಡು ಬಂದಿದೆ. ಸಲೂನು ಉಳಿದದ್ದು ಒಳ್ಳೆಯದೇ ಆಯಿತು. ಆದರೆ ಪೆಂಡನ್ ಕಲಿಸುವ ಪಾಠ ಬೇರೆ: ರೈಲನ್ನು ಉಳಿಸಿದರೆ ಸಾಲದು, ರೈಲಿಗಾಗಿ ಬಂದವರ ಹಿತ್ತಿಲನ್ನೂ ಉಳಿಸಬೇಕು.

ಕಳೆದ ವರ್ಷ ಮಾದರಿ ಅರ್ಧಕ್ಕೆ ಬಂದಾಗ ಇಬ್ಬರು ಹಿರಿಯರು ನೋಡಲು ಬಂದಿದ್ದರು. ಒಬ್ಬರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಸಿಗ್ನಲ್ ಚೆನ್ನಾಗೈತೆ ಕಣಪ್ಪಾ. ಗ್ಯಾಂಗಿನೋರು ಎಲ್ಲಿ? ಹಳಿ ತಾನಾಗೇ ನೆಟ್ಟಗಿರಲ್ಲ” ಎಂದರು. ಆ ವಾರವೇ ಸುತ್ತಿಗೆ ಹಿಡಿದ ನಾಲ್ಕು ಆಳುಗಳು ಹೊಳಲ್ಕೆರೆಯ ಬಳಿ ಹಳಿಯ ಮೇಲೆ ಬಂದು ನಿಂತರು. ಇನ್ನೊಬ್ಬರು ಹೊಸದುರ್ಗದ ಕಡೆಗೆ ಮದುವೆಯಾಗಿ ಹೋಗಿದ್ದ ಅಜ್ಜಿ. ಅವರು ರೈಲನ್ನು ಹೆಚ್ಚು ನೋಡಲಿಲ್ಲ. ಹೊಸದುರ್ಗ ರೋಡ್ ನಿಲ್ದಾಣದ ಹಿಂದಿನ ಖಾಲಿ ಜಾಗಕ್ಕೆ ಬೆರಳು ತೋರಿಸಿ, “ಇಲ್ಲಿ ಗಾಡಿ ಬಿಡ್ತಿದ್ರು” ಎಂದರು. ರಾತ್ರಿ ಇಳಿದರೆ ಬೆಳಗಾಗುವ ತನಕ ನಿಲ್ದಾಣದಲ್ಲೇ ಮಲಗಬೇಕಿತ್ತಂತೆ. “ರೈಲಿನಾಗೆ ಕುಂತಿದ್ದು ಎಲ್ಡು ತಾಸು, ಗಾಡಿಯಾಗೆ ಕುಂತಿದ್ದು ಅರ್ಧ ದಿವ್ಸ. ನಮಗೆ ಗಾಡೀನೇ ಜಾಸ್ತಿ ನೆನಪೈತೆ ಮಗಾ.”

ಅಜ್ಜಿಯ ಮಾತು ಮಾದರಿಯ ಮುಂದೆ ಮಾತ್ರವಲ್ಲ, ನನ್ನ ಪ್ರಬಂಧದ ಮುಂದೆಯೂ ಒಂದು ಪ್ರಶ್ನೆಯನ್ನು ಇಟ್ಟಿತು. ರೈಲಿನ ಇತಿಹಾಸ ಬರೆಯುವಾಗ ನಾವು ಹಳಿ ಇದ್ದ ಕಡೆಗೇ ನೋಡುತ್ತೇವೆ. ಯಾವ ವರ್ಷ ಎಷ್ಟು ಮೈಲಿ, ಎಷ್ಟು ಖರ್ಚು, ಎಷ್ಟು ಟನ್ ಕಡಲೆಕಾಯಿ, ಎಷ್ಟು ಅದಿರು. ನಕ್ಷೆಯಲ್ಲಿ ಹಳಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ನಿಲ್ದಾಣದಿಂದ ಊರಿಗೆ ಇದ್ದ ದಾರಿ ಬಿಳಿಯ ಕಾಗದವಾಗಿ ಉಳಿಯುತ್ತದೆ. ಆದರೆ 1877ರಲ್ಲಿ ಜನ ಸತ್ತದ್ದು ಆ ಬಿಳಿಯ ಜಾಗದಲ್ಲಿ. ಹಳಿ ಬಂದ ಮೇಲೂ ಹೊಸದುರ್ಗದ ರೈತ ತನ್ನ ಮೂಟೆಯ ಬಾಡಿಗೆ ಲೆಕ್ಕ ಹಾಕುತ್ತಿದ್ದದ್ದು ಆ ಜಾಗದಲ್ಲೇ. ಹಿರಿಯೂರಿನವರಿಗೆ ಹತ್ತಿರದ ನಿಲ್ದಾಣವೆಂದರೆ ಸುಮಾರು 40 ಕಿಲೋಮೀಟರ್ ದೂರದ ಚಿತ್ರದುರ್ಗ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಿಂದ ಅವರ ಹೊಲಗಳಿಗೆ ನೀರು ಬಂತು. ನೀರಿನಿಂದ ಬೆಳೆ ಬಂತು. ಬೆಳೆಯನ್ನು ಹಳಿಯವರೆಗೆ ಒಯ್ಯುವ ಭಾರ ಮಾತ್ರ ಎತ್ತಿನ ಹೆಗಲ ಮೇಲೆ, ಆಮೇಲೆ ಲಾರಿಯ ಮೇಲೆ ಉಳಿಯಿತು.

ಮಾದರಿ ಕಟ್ಟುವವನಿಗೆ ಇದು ಬಿಡಿಸಲಾಗದ ತೊಡಕು. ಅವನ ಕಲೆಯೇ ದೂರವನ್ನು ಕತ್ತರಿಸುವುದು. ಹಿರಿಯೂರನ್ನು ಅಳತೆಗೆ ಸರಿಯಾಗಿ ಕೂರಿಸಬೇಕಾದರೆ ಚಿತ್ರದುರ್ಗದ ನಿಲ್ದಾಣದಿಂದ 460 ಮೀಟರ್ ಆಚೆ ಒಂದು ಹಲಗೆ ಹಾಕಬೇಕು. ಹಾಗೆಂದು ಎಲ್ಲ ಊರುಗಳನ್ನೂ ಹಳಿಯ ಪಕ್ಕಕ್ಕೇ ತಂದು ಕೂರಿಸಿದರೆ ಎಲ್ಲರಿಗೂ ರೈಲು ಸಿಕ್ಕಿತ್ತು ಎಂಬ ಸುಂದರ ಸುಳ್ಳು ತಯಾರಾಗುತ್ತದೆ.

ನಾನು ಕಂಡುಕೊಂಡ ದಾರಿ ಇಷ್ಟು. ಹೊಸದುರ್ಗ ರೋಡ್ ನಿಲ್ದಾಣದ ಹಿಂದೆ ಗಾಡಿ ಬಿಡುವ ಬಯಲು ಮಾಡಿದೆ. ನೊಗ ಕಳಚಿಟ್ಟ ಆರು ಗಾಡಿ, ಮೆಲುಕು ಹಾಕುತ್ತ ಮಲಗಿದ ಎತ್ತುಗಳು, ಗಂಟುಮೂಟೆಯ ಮೇಲೆ ತಲೆಯಿಟ್ಟ ಒಂದು ಸಂಸಾರ. ಅಲ್ಲಿಂದ ಹೊರಟ ಮಣ್ಣುದಾರಿ ಹಲಗೆಯ ಅಂಚಿನವರೆಗೆ ಹೋಗಿ ಅಲ್ಲಿಗೆ ಕಡಿದುಹೋಗುತ್ತದೆ. ಅಂಚನ್ನು ಗಿಡ, ಗುಡ್ಡಗಳಿಂದ ಮುಚ್ಚಲಿಲ್ಲ. ಕತ್ತರಿಸಿದ ಪ್ಲೈವುಡ್ ಹಾಗೇ ಕಾಣುತ್ತದೆ. ಚಿತ್ರದುರ್ಗದ ಗೂಡ್ಸ್ ಶೆಡ್ಡಿನ ಮುಂದೆ ಹಿರಿಯೂರಿನ ದಾರಿಯೂ ಹಾಗೆಯೇ ಅಂಚಿನಲ್ಲಿ ನಿಂತಿದೆ, ಅದರ ಮೇಲೆ ಮೂಟೆ ಹೇರಿಕೊಂಡು ಬಂದ ಒಂದು ಲಾರಿ. ನೋಡಲು ಬಂದ ಮಕ್ಕಳು ರೈಲು ಓಡುವುದನ್ನು ನೋಡಿ ಮುಗಿಸಿದ ಮೇಲೆ ತಪ್ಪದೆ ಕೇಳುತ್ತಾರೆ: ಈ ರಸ್ತೆ ಎಲ್ಲಿಗೆ ಹೋಗುತ್ತೆ? ಕಪ್ಪು ಗೆರೆಯ ನಕ್ಷೆ ನೋಡಿದವರು ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ನಾನು ಮಾದರಿ ಮಾಡುತ್ತಿರುವ ಮೀಟರ್ ಗೇಜ್ ಈಗ ಇಲ್ಲ. 1992ರಲ್ಲಿ ಶುರುವಾದ ಏಕಗೇಜ್ ಯೋಜನೆಯಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಬ್ರಾಡ್‌ಗೇಜ್ ಆಯಿತು, ಮುಂದೆ ಕವಲೂ ಆಯಿತು. ಚಿತ್ರದುರ್ಗ ಇಂದು ಕೊನೆಯ ನಿಲ್ದಾಣವಲ್ಲ, ಹಳಿ ರಾಯದುರ್ಗದ ಮೂಲಕ ಬಳ್ಳಾರಿಯತ್ತ ಹೋಗುತ್ತದೆ. ಇನ್ನೊಂದು ಹೊಸ ಗೆರೆಯೂ ಎಳೆಯಲ್ಪಡುತ್ತಿದೆ. 2011–12ರ ರೈಲ್ವೆ ಬಜೆಟ್ಟಿನಲ್ಲಿ ಒಪ್ಪಿಗೆ ಪಡೆದ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಸುಮಾರು 191 ಕಿಲೋಮೀಟರ್ ಉದ್ದದ್ದು. ಅದು ಶಿರಾ, ಹಿರಿಯೂರುಗಳ ಮೂಲಕ, ಅಂದರೆ 1880ರ ದಶಕದಲ್ಲಿ ರೈಲು ಬಿಟ್ಟುಹೋದ ಅದೇ ಹಳೆಯ ರಸ್ತೆಯ ಜಾಡಿನಲ್ಲಿ ಬರಲಿದೆ. ಅರಸೀಕೆರೆಯ ಸುತ್ತು ತಪ್ಪುತ್ತದೆ. ಹಿರಿಯೂರಿಗೆ ಕೊನೆಗೂ ನಿಲ್ದಾಣ ಸಿಗುತ್ತದೆ.

ಈ ಮಾರ್ಗದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಕಡೆ ಜನ ಕೇಳುವುದು ಎರಡೇ ಪ್ರಶ್ನೆ: ಯಾವಾಗ ಮುಗಿಯುತ್ತದೆ, ಬೆಂಗಳೂರಿಗೆ ಎಷ್ಟು ಹೊತ್ತು ಉಳಿಯುತ್ತದೆ. ಇಪ್ಪತ್ತು ಅಡಿ ಹಲಗೆಯ ಮುಂದೆ ಎರಡು ವರ್ಷ ಕೂತವನಾಗಿ ಮೂರನೆಯದೊಂದನ್ನು ಸೇರಿಸಲು ಬಯಸುತ್ತೇನೆ. ನಿಲ್ದಾಣದಿಂದ ಬಸ್ ಸ್ಟ್ಯಾಂಡಿಗೆ, ಸಂತೆಗೆ, ಆಸ್ಪತ್ರೆಗೆ ಎಷ್ಟು ದೂರ? ರಾತ್ರಿ ಹನ್ನೊಂದಕ್ಕೆ ಇಳಿದ ಹೆಣ್ಣುಮಗಳು ಹಳ್ಳಿಗೆ ಹೇಗೆ ಹೋಗುತ್ತಾಳೆ? ಊರು ಒಂದು ಕಡೆ, ನಿಲ್ದಾಣ ಇನ್ನೊಂದು ಕಡೆ ಆಗಿ ಫಲಕದ ಮೇಲೆ ಮತ್ತೊಂದು ‘ರೋಡ್’ ಬೀಳಬಾರದಲ್ಲ. ಹಳಿ ಹಾಸುವ ಮೊದಲೇ ಇದನ್ನು ಕೇಳಬಹುದು. ಹಾಸಿದ ಮೇಲೆ ಕೇಳಿದರೆ ಉತ್ತರ ಸಿಗಲು ಮತ್ತೆ ನೂರು ವರ್ಷ ಬೇಕಾದೀತು.